ಲೇಸರ್ ಡಿಸ್ಕಿಗೆ ಆಯುಧಪೂಜೆ

ಲೇಸರ್ ಡಿಸ್ಕ್ ಪ್ಲೇಯರ್ ಎಂಬ ಪರಮಾದ್ಭುತ ಯಂತ್ರವನ್ನು ತೊಂಬತ್ತರ ದಶಕದ ಆರಂಭದಲ್ಲೇ ಸಿಡ್ನಿಯ ನಮ್ಮ ಮನೆಗೆ ತಂದ ಮಹಾನುಭಾವ ನಾನು. ಅದರ ಡಿಸ್ಕೆಂದರೆ ದೋಸೆ ಹೆಂಚಿನಷ್ಟು ಅಗಲದ ಬೆಳ್ಳಿತಟ್ಟೆ. ಸೂಜಿಯಿಲ್ಲ, ಟೇಪಿಲ್ಲ, ಬರೀ ಬೆಳಕೇ ಅದನ್ನು ಓದಿ ಟೀವಿಯಲ್ಲಿ ಸಿನಿಮಾ ತೋರಿಸುತ್ತದೆ. ಇನ್ನು ವಿಡಿಯೋ ಕ್ಯಾಸೆಟ್ಟುಗಳ ಕಥೆ ಮುಗಿಯಿತು ಎಂದು ಚಾಟ್ಸ್‌ವುಡ್ಡಿನ ನಮ್ಮ ಆಫೀಸಿನಲ್ಲೆಲ್ಲ ಸಾರಿದ್ದೆ. ಎಷ್ಟೆಂದರೂ ಇಂಜಿನಿಯರ್!

ಅದು ಸಿಕ್ಕಿದ್ದು ಮೆಲ್ಬರ್ನಿನಲ್ಲಿ, ತೀರಿಕೊಂಡ ಮುದುಕರೊಬ್ಬರ ಮನೆ ಸಾಮಾನಿನ ಮಾರಾಟದಲ್ಲಿ. ಅಪ್ಪ ಕೊನೆಯವರೆಗೂ ಇದರ ಮುಂದೆಯೇ ಕೂತಿರುತ್ತಿದ್ದರು ಎಂದು ಅವರ ಮಗಳು ಹೇಳಿದ್ದಳು. ಈ ಸಂಗತಿಯನ್ನು ಮನೆಯಲ್ಲಿ ಬಾಯಿ ಬಿಡಲಿಲ್ಲ. ನನ್ನ ಹೆಂಡತಿ ವಿಮಲ ಆಗ ತುಂಬು ಗರ್ಭಿಣಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಹಟ ಹಿಡಿದಿದ್ದ ಅತ್ತೆಯನ್ನು ಕಾಡಿ ಬೇಡಿ ಮೈಸೂರಿನಿಂದ ಇಲ್ಲಿಗೇ ಕರೆಸಿಕೊಂಡಿದ್ದೆ. ಮಗು ಹುಟ್ಟಿದ ಗಳಿಗೆಯಲ್ಲೇ ಅದರ ಮುಖ ನೋಡುವ ಆಸೆ ನನಗೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರು, ಮಿಕ್ಸಿಗೆಲ್ಲ ಕುಂಕುಮ ಹಚ್ಚಿದ ಅತ್ತೆ, ಹೊಸ ಯಂತ್ರಕ್ಕೆ ನೀವೇ ಮಾಡಿ ಎಂದರು. ಹೊರಗಿನ ಡಬ್ಬಕ್ಕೆ ಬೊಟ್ಟಿಡುವುದು ಪಾಮರರ ಕ್ರಮ. ನಾನು ಟ್ರೇ ತೆರೆದು, ಯಂತ್ರದ ಕಣ್ಣಿರುವ ಕಡೆಗೇ ಅರಿಶಿನ, ಕುಂಕುಮ, ಅಕ್ಷತೆಗಳನ್ನು ಧಾರಾಳವಾಗಿ ಸಮರ್ಪಿಸಿದೆ!

ಊಟವಾದ ಮೇಲೆ ಪರದೆ ಎಳೆದು, ಪ್ಲೇಯರಿನ ಜೊತೆಗೇ ಬಂದಿದ್ದ ಮುದುಕರ ಡಿಸ್ಕನ್ನೇ ಹಾಕಿದೆ. ಯಾವುದೋ ಹಳೆಯ ಸಿನಿಮಾ. ಖಾಲಿ ಕಾರಿಡಾರಿನಲ್ಲಿ ಹೆಂಗಸೊಬ್ಬಳು ನಡೆದು ಹೋಗುತ್ತಿದ್ದಳು. ನಿಂತಳು. ತಿರುಗಿ ನಮ್ಮನ್ನು ನೋಡಿದಳು. ಮತ್ತೆ ನಿಂತಳು, ಮತ್ತೆ ತಿರುಗಿ ನೋಡಿದಳು. ಕಥೆ ಮುಂದೆ ಹೋಗಲೇ ಇಲ್ಲ. ಅವಳ ಮುಖದ ಮೇಲೆ ಬಿಳಿ ಚುಕ್ಕೆಗಳು ಹುಳುಗಳಂತೆ ಹರಿದಾಡತೊಡಗಿದವು. ಪ್ಲೇಯರಿನ ಒಳಗಿನಿಂದ ಯಾರೋ ಬೆರಳಲ್ಲಿ ತಟ್ಟುವ ಸದ್ದು. ಆಮೇಲೆ ಅದರ ಬಾಯಿಂದ ಕೆಂಪು ಹೊಗೆ ಮೆಲ್ಲಗೆ ಹೊರಗೆ ಬಂತು.

ಟೀವಿಯ ಸ್ವಿಚ್ ಆರಿಸಿದೆ. ಹೆಂಗಸು ಹೋದಳು, ಸದ್ದು ಹೋಗಲಿಲ್ಲ. ಟಕ್... ಟಕ್... ಕಪ್ಪಾದ ಟೀವಿಯಲ್ಲಿ ನಮ್ಮ ಮೂವರ ನೆರಳು ಮಾತ್ರ ಅಲುಗಾಡದೆ ಕೂತಿತ್ತು.

"ಇದು ಯಾರ ಮನೇದು?" ಎಂದರು ಅತ್ತೆ.

ಹೆದರಿದ ಬಾಯಿ ಮುದುಕರ ಸಮೇತ ಎಲ್ಲವನ್ನೂ ಒಪ್ಪಿಸಿಬಿಟ್ಟಿತು. ಅತ್ತೆ ಎದ್ದು ಹೋಗಿ ಸೂಟ್‌ಕೇಸಿಗೆ ಸೀರೆ ತುಂಬತೊಡಗಿದರು. ಈ ಮನೆಯಲ್ಲಿ ಕೂಸು ಹುಟ್ಟುವುದು ಬೇಡ, ಮೆಲ್ಬರ್ನಿನಲ್ಲಿರುವ ತಂಗಿಯ ಮನೆಗೆ ಮಗಳನ್ನು ನಾಳೆಯೇ ಕರೆದೊಯ್ಯುತ್ತೇನೆ ಎಂದರು. ನನ್ನ ಎದೆ ಒಡೆದುಹೋಯಿತು.

ಪ್ಲಗ್ ಕಿತ್ತು ಪ್ಲೇಯರಿನ ಮುಚ್ಚಳ ಬಿಚ್ಚಿದೆ. ಒಳಗೆ ದೆವ್ವವಿರಲಿಲ್ಲ. ತಿರುಗುವ ಡಿಸ್ಕಿಗೆ ಬಡಿಯುತ್ತಿದ್ದುದು ನನ್ನ ಅಕ್ಕಿಕಾಳು, ಅದರ ಗಾಳಿಗೆ ಹಾರಿ ಹೊರಬಂದಿದ್ದು ನನ್ನದೇ ಕುಂಕುಮ, ಸಿನಿಮಾ ಮುಂದೆ ಹೋಗದಂತೆ ಯಂತ್ರದ ಕಣ್ಣಿಗೆ ಮೆತ್ತಿಕೊಂಡಿದ್ದು ನನ್ನದೇ ಅರಿಶಿನ. ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ಓಡಿದೆ. ಹಾಕಿದವನು ನಾನೇ ಎಂದು ದೇವರಾಣೆ ಇಟ್ಟೆ.

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ," ಎಂದರು ಅತ್ತೆ. "ಇಂಜಿನಿಯರಿಂಗ್ ಓದಿದೋರು ಯಾರಾದ್ರೂ ಮಿಷೀನ್ ಒಳಗೆ ಅಕ್ಕಿ ಹಾಕ್ತಾರಾ?"

ಜನ್ಮದಲ್ಲಿ ಮೊದಲ ಸಲ ಒಬ್ಬರು ನನ್ನ ವಿದ್ಯೆಯನ್ನು ಪೂರ್ತಿ ನಂಬಿದ್ದರು. ಅದೂ ಇಂಥ ಹೊತ್ತಿನಲ್ಲಿ!

ಬಾಗಿಲಲ್ಲಿ ನಿಂತಿದ್ದ ವಿಮಲ ಬಾಯಿ ತೆರೆದಳು. "ಅಮ್ಮಾ, ಇವರು ಹಾಕಿರ್ತಾರೆ. ನಂಗೊತ್ತು."

ಅತ್ತೆ ಮಗಳ ಮುಖ ನೋಡಿದರು. ನನ್ನ ಮುಖವನ್ನು ತುಸು ಹೆಚ್ಚು ಹೊತ್ತೇ ನೋಡಿದರು. ಆಮೇಲೆ ಸೀರೆಗಳನ್ನೆಲ್ಲ ಮತ್ತೆ ಬೀರುವಿಗೆ ಜೋಡಿಸಿದರು.