ಕಾಕಾ ದ್ರಾಕ್ಷಿಗೆ ಮನೆ ನೋಡಿದ್ದು

ನಮ್ಮ ಕಾಕಾ ಅಖಂಡ ಬ್ರಹ್ಮಚಾರಿ. ಅವನಿಗೆ ಸಾವಿರದ ಎಂಟು ಹೆಣ್ಣುಮಕ್ಕಳು.

ಗಾಬರಿಯಾಗಬೇಡಿ! ಇದರಲ್ಲಿ ಪೊಲೀಸರಿಗಾಗಲಿ, ಜನಗಣತಿಯವರಿಗಾಗಲಿ ಕೆಲಸವಿಲ್ಲ. ಶಹಾಪುರದ ಹೊರಗೆ, ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಬೆನ್ನಿಗೆ ಕಾಕಾನದೊಂದು ಎಕರೆ ದ್ರಾಕ್ಷಿ ತೋಟವಿದೆ. ಅಲ್ಲಿರುವ ಬಳ್ಳಿಗಳ ಸಂಖ್ಯೆ ಅದು. ಸುತ್ತಲಿನವರೆಲ್ಲ ಹತ್ತಿ, ಭತ್ತ, ಮೆಣಸಿನಕಾಯಿ ಎಂದು ನೆಮ್ಮದಿಯಾಗಿರುವಾಗ ಕಾಕಾ ನಾಲ್ಕು ವರ್ಷದ ಹಿಂದೆ ವೈನಿನ ದ್ರಾಕ್ಷಿ ಹಚ್ಚಿದ. ವೈನನ್ನು ಅವನು ಮೂಸಿಯೂ ನೋಡಿದವನಲ್ಲ. ಎರಡನೇ ಲೋಟ ಚಹಾಕ್ಕೇ ತಲೆ ತಿರುಗುತ್ತದೆ ಎನ್ನುವ ಆಸಾಮಿ!

"ಮತ್ತ್ಯಾಕ ಹಚ್ಚಿದಿ ಕಾಕಾ?" ಎಂದು ಕೇಳಿದ್ದೆ.

"ಎಲಿ ಚಂದ ಅದ."

ಸುರಪುರದ ತಾಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಟಿಪ್ಪಣಿ ಬರೆದು ನಿವೃತ್ತನಾದವನು ನಾನು. ಇಂಥ ಉತ್ತರದ ಮೇಲೆ ಮೇಲ್ಮನವಿ ಸಲ್ಲಿಸಲು ಯಾವ ಕಾಯಿದೆಯಲ್ಲೂ ಅವಕಾಶವಿಲ್ಲ ಎಂದು ಅಧಿಕಾರವಾಣಿಯಿಂದ ಹೇಳಬಲ್ಲೆ.

ಕಾಕಾನಿಗೆ ಊರು ಕೊಟ್ಟ ಒಂದು ಗೌರವ ಹುದ್ದೆಯೂ ಉಂಟು. ನಮ್ಮ ಕಡೆ ಮಗಳನ್ನು ಕೊಡುವ ಮೊದಲು ಹಿರಿಯರು ಹುಡುಗನ ಮನೆ ನೋಡಲು ಹೋಗುತ್ತಾರೆ. ಸುತ್ತ ಹತ್ತು ಹಳ್ಳಿಯಲ್ಲಿ ಯಾರದೇ ಮಗಳಿರಲಿ, ಮನೆ ನೋಡಲು ಕಾಕಾ ಬೇಕು. ಅವನು ಹುಡುಗನನ್ನು ನೋಡುವುದಿಲ್ಲ. ಬಾಗಿಲ ತಿರುಗಣಿ ಕಿರುಗುಟ್ಟುತ್ತದೆಯೇ ನೋಡುತ್ತಾನೆ, ಬಚ್ಚಲ ನೀರು ಎತ್ತ ಹರಿಯುತ್ತದೆ ನೋಡುತ್ತಾನೆ, ಎತ್ತಿನ ಕಿವಿಯಲ್ಲಿ ಉಣ್ಣಿ ಹುಳ ಹುಡುಕುತ್ತಾನೆ, ಅತ್ತೆಯಾಗುವವಳ ಸೀರೆ ಒಣಗಿದ ಹಗ್ಗವನ್ನು ಜಗ್ಗಿ ನೋಡುತ್ತಾನೆ. ಅದಕ್ಕೊಂದು ಕಟ್ಟಳೆ: ನಿಶ್ಚಯವಾಗುವ ತನಕ ಆ ಮನೆಯ ನೀರನ್ನೂ ಮುಟ್ಟಬಾರದು. ಬಂದವರಲ್ಲಿ ಒಬ್ಬರ ಗಂಟಲಲ್ಲಿ ಒಂದು ಗುಟುಕು ಇಳಿಯಿತೆಂದರೂ ಮಾತು ಕೊಟ್ಟಂತೆ. ಹೀಗೆ ನೀರು ಕುಡಿಯದೆ ಎದ್ದು ಬಂದು ಕಾಕಾ ಮುರಿದ ಸಂಬಂಧಗಳನ್ನು ಸೇರಿಸಿದರೆ ಒಂದು ಹೋಬಳಿಯೇ ಆದೀತು!

ಮೊನ್ನೆ ಬೇಸಿಗೆಯ ಬಾಯಿಗೆ ಅವನ ಸ್ವಂತ ಹೆಣ್ಣುಮಕ್ಕಳು ಕೊಯ್ಲಿಗೆ ಬಂದರು. ನಮ್ಮ ಸೀಮೆಯಲ್ಲೂ ಈಗ ಮೂರು ಸಣ್ಣಪುಟ್ಟ ವೈನರಿಗಳಿವೆ. ಮೂರೂ ಕೂಡಿ ಒಂದು ಬಣ್ಣದ ಹಾಳೆ ಅಚ್ಚು ಹಾಕಿಸಿದ್ದವು: ಒಂದೇ ದಿನ ಮೂರೂ ಕಡೆ ಸುತ್ತಿರಿ, ಸವಿಯಿರಿ, ಆನಂದಿಸಿರಿ. ಮೂರೂ ಕಡೆಯವರು ಕಾಕಾನ ಹಣ್ಣಿಗಾಗಿ ಫೋನ್ ಮಾಡಿದ್ದರು. ಯಾರಿಗಾದರೂ ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಕಾಕಾ ಹೂಂ ಎನ್ನುವನೆ?

"ಮನಿ ನೋಡದ ಹೆಣ್ಣ ಕೊಟ್ಟವರನ್ನ ಎಲ್ಲೆರೆ ಕಂಡೀಯೇನೋ ತಮ್ಮಾ?"

ಹಾಗೆನ್ನುತ್ತ ಹದಿನೈದು ದಿನ ಕಳೆದ. ಹಣ್ಣಿನ ಸಿಪ್ಪೆ ತೆಳ್ಳಗಾಗುತ್ತ ಬಂತು. ಆಮೇಲೆ ಒಂದು ಬೆಳಿಗ್ಗೆ, ಯಾರೂ ಕರೆಯದೆ, ಮುಗಿಲಲ್ಲಿ ಮೋಡ ಬಂದು ಕೂತವು. ಆ ಹದಕ್ಕೆ ಬಂದ ದ್ರಾಕ್ಷಿಯ ಮೇಲೆ ಒಂದು ಮಳೆ ಬಿದ್ದರೆ ಸಾಕು, ಹಣ್ಣು ಬಿರಿದು ಮರುದಿನಕ್ಕೆ ಕೊಳೆಯುತ್ತದೆ. ನಾಲ್ಕು ವರ್ಷದ ಸಾಕಣೆ, ಮೊದಲ ಫಸಲು, ಕೈಯಲ್ಲಿರುವುದು ಒಂದೇ ಹಗಲು.

"ಮನಿ ಮನಸ್ಸಿಗೆ ಬರಲಿಲ್ಲಂದ್ರ ಬೋನಾಳದ ಹಕ್ಕಿಗೆ ಹಾಕ್ತೀನಿ, ಅಂಥವರಿಗಿ ಕೊಡಂಗಿಲ್ಲ," ಎಂದು ಕಾಕಾ ಜೀಪು ಹತ್ತಿದ. ಬೋನಾಳ ಕೆರೆಯ ಕೊಕ್ಕರೆಗಳು ದ್ರಾಕ್ಷಿ ತಿನ್ನುವುದಿಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಕಾಕಾ ಹಾಗೆಂದ ಮೇಲೆ ಹಾಗೆಯೇ ಮಾಡುವವನು. ತೋಟದಲ್ಲಿ ಇಪ್ಪತ್ತು ಹೆಣ್ಣಾಳುಗಳು ಕತ್ತರಿ ಹಿಡಿದು ಅವನ ಒಂದು ಮಾತಿಗಾಗಿ ಕೂತಿದ್ದರು.

ಜೀಪಿನವನು ನಮ್ಮ ಓಣಿಯ ಮೈಬೂಬ. ಅವನೂ ಹನಿ ಮುಟ್ಟುವವನಲ್ಲ. ಹೀಗೆ ಇಬ್ಬರು ಕಟ್ಟಾ ಸನ್ಯಾಸಿಗಳು ಮತ್ತು ಹಾಳೆಯ ಮೇಲಿನ 'ಸವಿಯಿರಿ' ಎಂಬ ಪದವನ್ನು ಗುಟ್ಟಾಗಿ ನಾಲ್ಕು ಸಲ ಓದಿಕೊಂಡಿದ್ದ ನಾನು ವೈನರಿ ಪ್ರವಾಸಕ್ಕೆ ಹೊರಟೆವು.

ಮೊದಲನೆಯದು ಸುರಪುರದ ಆಚೆ. ಗಾಜಿನ ಬಾಗಿಲು, ಆಳೆತ್ತರದ ಉಕ್ಕಿನ ಟಾಕಿಗಳು, ಟೈ ಕಟ್ಟಿದ ಮ್ಯಾನೇಜರ್. ಕಾಕಾ ಕುರ್ಚಿಯ ಮೇಲೆ ಕಾಲು ಮಡಚಿ ಕೂತು, "ಮನ್ಯಾಗ ಹಿರಿಯರು ಯಾರದಾರ್ರಿ?" ಎಂದ.

"ಡೈರೆಕ್ಟರ್ಸ್ ಇದಾರೆ ಸರ್, ಆರು ಜನ. ಎಲ್ಲ ಮುಂಬೈಯಲ್ಲಿ."

ಕಾಕಾ ನನ್ನ ಕಡೆ ನೋಡಿದ. ಹಿರಿಯರು ಮನೆಯಲ್ಲಿ ನಿಲ್ಲುವುದಿಲ್ಲ: ಒಂದು ಕೆಂಪು ಗುರುತು ಬಿತ್ತು. ಆಮೇಲೆ ಟಾಕಿಯ ಮೇಲೆ ಕೈಯಿಟ್ಟು ಬೆಚ್ಚಿಬಿದ್ದ.

"ಏನ್ರಿ ಇದು, ಹೆಣದಂಗ ತಣ್ಣಗದ!"

"ಚಿಲ್ಲಿಂಗ್ ಸರ್. ಹಣ್ಣು ಬಂದ ಕೂಡಲೇ ತಂಪು ಮಾಡ್ತೀವಿ."

"ನಮ್ಮ ಹುಡುಗ್ಯಾರು ಶಹಾಪುರದ ಬಿಸಲಾಗ ಬೆಳದವರ್ರಿ. ಹೊದ್ದಕೊಳ್ಳಾಕ ಏನ ಕೊಡ್ತೀರಿ?"

ಮ್ಯಾನೇಜರ್ ತನ್ನ ಟೈ ಸಡಿಲಿಸಿಕೊಂಡ. ಅವನು ಓದಿದ ಕಾಲೇಜಿನಲ್ಲಿ ಈ ಪ್ರಶ್ನೆ ಬಂದಿರಲಿಕ್ಕಿಲ್ಲ. ಗಾಜಿನ ಲೋಟ ಮುಂದೆ ಬಂತು. ಕಾಕಾ ಅದಕ್ಕೆ ಕೈಮುಗಿದು ಎದ್ದ. ಜೀಪು ಹತ್ತುವಾಗ ಫೋನು ಬಂತು. ಹೆಣ್ಣಾಳುಗಳ ಮುಂದಾಳು ಯಲ್ಲಮ್ಮ.

"ಕಾಕಾ, ಗಾಳಿ ತಣ್ಣಗ ಬೀಸಾಕತ್ತದ. ಕೊಯ್ಯೂಣೋ ಬ್ಯಾಡೋ?"

"ಕತ್ತರಿ ಕೆಳಗಿಡು," ಎಂದ ಕಾಕಾ.

ಎರಡನೆಯದು ಬೋನಾಳದ ಹತ್ತಿರ. ಇಲ್ಲಿ ಕಾಕಾನ ಮುಖ ಅರಳಿತು. ಮಾಲೀಕ ತಾನೇ ಗೇಟಿಗೆ ಬಂದು ಕಾಲು ಮುಟ್ಟಿ ನಮಸ್ಕರಿಸಿದ. ಕಟ್ಟಿಗೆಯ ದೊಡ್ಡ ಪೀಪಾಯಿಗಳನ್ನು ತಟ್ಟಿ ನೋಡಿ ಕಾಕಾ, "ತೊಟ್ಟಲಿದ್ದಂಗ ಅದಾವ" ಎಂದ. ತಿರುಗಣಿ ಸದ್ದು ಮಾಡಲಿಲ್ಲ. ಬಚ್ಚಲು ಸರಿಯಾದ ದಿಕ್ಕಿಗೇ ಹರಿಯುತ್ತಿತ್ತು. ಕಾಕಾ ಗೋಡೆಗಳನ್ನು ನೋಡುತ್ತ ಹಿಂದಿನ ಕೋಣೆಗೆ ಹೋದ. ಇನ್ನೇನು ನಿಶ್ಚಯವಾಯಿತು ಎಂಬ ನೆಮ್ಮದಿಯಲ್ಲಿ, ಮಾಲೀಕ ಕೈಗಿತ್ತ ಲೋಟದಿಂದ ನಾನು ಒಂದು ಗುಟುಕನ್ನು ಬಾಯಿಗೆ ಬಿಟ್ಟುಕೊಂಡೆ. ಅರವತ್ತೆರಡು ವರ್ಷದ ಆಯುಷ್ಯದಲ್ಲಿ ಮೊದಲ ಗುಟುಕು!

ನುಂಗುವ ಮೊದಲೇ ಆ ಕೋಣೆಯಿಂದ ಕಾಕಾ ಚೀರಿದ. ಓಡಿ ಹೋದೆ.

ಅಲ್ಲಿ ಪ್ರವಾಸಿಗಳ ಒಂದು ಗುಂಪು ನಿಂತಿತ್ತು. ಅವರು ವೈನನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಮುಕ್ಕಳಿಸಿ, ಒಂದು ಬಕೆಟ್ಟಿಗೆ ಉಗುಳುತ್ತಿದ್ದರು. ರುಚಿ ನೋಡುವ ಪದ್ಧತಿಯೇ ಅದಂತೆ.

"ಸೊಸಿ ಮಾಡಿದ ಅಡಿಗಿ ಬಾಯಾಗ ಇಟ್ಟು ಎಲ್ಲಾರ ಎದುರು ಉಗಳೂ ಮನಿಗಿ ಹೆಣ್ಣ ಕೊಡಬೇಕೇನು? ತಮ್ಮಾ, ನೀ ಹೇಳು!"

ನಾನು ಏನು ಹೇಳಲಿ? ಬಾಯಿ ತುಂಬ ವೈನು! ನುಂಗಿದರೆ ಸಾವಿರದ ಎಂಟು ಹುಡುಗಿಯರ ಮಾತುಕತೆ ಇದೇ ಮನೆಯಲ್ಲಿ ಮುಗಿದಂತೆ. ಉಗುಳಿದರೆ ನಾನೂ ಆ ಬಕೆಟ್ಟಿನ ಬಳಗದವನು. ಎರಡು ಕೆನ್ನೆ ಉಬ್ಬಿಸಿಕೊಂಡು, ರಾಷ್ಟ್ರಗೀತೆಗೆ ನಿಂತವನಂತೆ ನಿಂತೆ.

"ಯಾಕೋ? ಹಲ್ಲ ನೋಯಾಕತ್ತದೇನು?"

ಹೌದೆಂದು ತಲೆಯಾಡಿಸಿದೆ.

"ಲವಂಗ ಇಟ್ಟಕೋ. ನಡಿ."

ಬಾಗಿಲಿನಿಂದ ಬೇವಿನ ಮರದ ತನಕ ಅರವತ್ತು ಹೆಜ್ಜೆ. ಅಷ್ಟು ದೀರ್ಘವಾದ ನಡಿಗೆಯನ್ನು ನಾನು ಯಾವ ಜಾತ್ರೆಗೂ ನಡೆದಿಲ್ಲ. ಮರದ ಹಿಂದೆ ಬಾಯಿ ಖಾಲಿ ಮಾಡಿ ತಿರುಗಿದರೆ ಮೈಬೂಬ ನಿಂತಿದ್ದ.

"ಎಲ್ಲಾ ಬಂತೇನ್ರಿ ಸಾಹೇಬ್ರ? ಒಳಗ ಏನೂ ಇಳದಿಲ್ಲಲ್ಲ? ಇಳದಿದ್ರ ಕಾಕಾರಿಗಿ ಖರೇ ಹೇಳಬೇಕಾಗ್ತದ್ರಿ."

"ಇಳದಿಲ್ಲ ಮಾರಾಯಾ!" ಎಂದೆ. ನಾಲಿಗೆಯ ಹಿಂದೆ ಏನೋ ಒಗರು ಉಳಿದಿತ್ತು. ಆ ಬಗ್ಗೆ ನಾನು ಈವರೆಗೆ ಯಾರಲ್ಲೂ ಹೇಳಿಕೆ ಕೊಟ್ಟಿಲ್ಲ.

ಉಳಿದದ್ದು ಒಂದೇ, ವಡಗೇರಾ ಕಡೆಯದು. ಅದಕ್ಕೆ ಮತ್ತೆ ಶಹಾಪುರ ದಾಟಿಯೇ ಹೋಗಬೇಕು. ಗುಡ್ಡದ ನೆತ್ತಿ ಕಪ್ಪಾಗಿತ್ತು. ತೋಟದ ತಿರುವು ಬಂದಾಗ ಮೈಬೂಬ ಗಾಡಿ ನಿಧಾನ ಮಾಡಿದ. ಕಾಕಾ ಇನ್ನೊಂದು ಕಡೆ ಮುಖ ತಿರುಗಿಸಿಕೊಂಡ.

"ಯಾರಿಗೆರೆ ಹೂಂ ಅನ್ನು ಕಾಕಾ," ಎಂದೆ. ದನಿ ನನಗರಿವಿಲ್ಲದೆ ಏರಿತ್ತು. "ಮಳಿ ಬಂದ್ರ ಏನೂ ಉಳ್ಯಂಗಿಲ್ಲ. ಹಣ್ಣು ಅದು, ಖರೇನ ಹೆಣ್ಣಲ್ಲ!"

ಕಾಕಾ ಮುಂದೆ ನಡಿ ಎಂದು ಮೈಬೂಬನಿಗೆ ಕೈ ಮಾಡಿದ. ಮೈಬೂಬ ಒಮ್ಮೆ ನನ್ನ ಕಡೆ ನೋಡಿ ಗಾಡಿ ಜೋರು ಮಾಡಿದ.

ಮೂರನೆಯ ವೈನರಿ ಎಂದರೆ ತಗಡಿನ ಒಂದು ಶೆಡ್ಡು, ನಾಲ್ಕು ಟಾಕಿ. ಅದರಲ್ಲಿ ಮೂರು ಖಾಲಿ. ನಡೆಸುವವರು ಒಬ್ಬ ಮಗ, ಅವನ ತಾಯಿ. ಆ ತಾಯಿಗೆ ಎಪ್ಪತ್ತರ ಮೇಲೆ ವಯಸ್ಸು. ಬಾಗಿಲು ಹಂದಿಯಂತೆ ಕಿರುಚಿತು. ಬಚ್ಚಲ ನೀರು ನೇರ ದಾರಿಗೇ ಹರಿಯುತ್ತಿತ್ತು. ಬಟ್ಟೆಯ ಹಗ್ಗವನ್ನು ಕಾಕಾ ಜಗ್ಗಿದ. ಅದು ಕೈಗೇ ಬಂತು! ಮಗ ಬೆವರು ಒರೆಸಿಕೊಳ್ಳುತ್ತ, "ಈ ವರ್ಷ ಹಣ್ಣ ಸಿಗಲಿಲ್ರಿ. ನಿಮ್ಮದು ಸಿಕ್ಕರ ಟಾಕಿ ತುಂಬತಾವ," ಎನ್ನುತ್ತಿದ್ದ. ತಾಯಿ ಒಂದು ತಾಟಿನಲ್ಲಿ ಮೂರು ಲೋಟ ಜೋಡಿಸಿ, ಸೆರಗಿನಿಂದ ಅಂಚು ಒರೆಸಿ ತಂದಿಟ್ಟಳು.

ಕಾಕಾ ಲೋಟ ನೋಡಿದ. ತಗಡು ನೋಡಿದ. ಎದ್ದು, "ಬರ್ತೀವ್ರಿ" ಎಂದ.

ದೂರದಲ್ಲಿ ಗುಡುಗಿತು. ಮುಗಿಯಿತು, ನಾಲ್ಕು ವರ್ಷದ್ದು ಕೊಕ್ಕರೆಗಳ ಪಾಲು.

ಕಾಕಾ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದಾಗ ತಾಯಿ ಹಿಂದಿನಿಂದ ಮೆಲ್ಲಗೆ ಹೇಳಿದಳು:

"ಹೋಗ್ರಿ ಅಣ್ಣಾರ. ಹಿಡಕೊಳ್ಳಾಕ ಬರಂಗಿಲ್ಲ. ಆದ್ರ ಏನ ಕಡಿಮಿ ಆತು ಅಂತ ಒಂದ ಮಾತ ಹೇಳಿ ಹೋಗ್ರಿ. ಹೇಳದ ಹೋದ್ರ ಏನಂತ ತಿಳ್ಕೊಬೇಕು ನಾವು?"

ಕಾಕಾ ಎರಡನೆಯ ಚಪ್ಪಲಿ ಮೆಟ್ಟಲಿಲ್ಲ. ಹೊಸ್ತಿಲಲ್ಲೇ ನಿಂತುಬಿಟ್ಟ. ಆಮೇಲೆ, ಆಕೆಗಲ್ಲ, ನನಗೆ ಹೇಳತೊಡಗಿದ.

"ನೀ ಸಣ್ಣಾಂವ ಇದ್ದಿ ತಮ್ಮಾ. ನನಗ ಹೆಣ್ಣ ಕೊಡಾಕ ಅಂತ ಆರು ಮಂದಿ ಮನಿ ನೋಡಾಕ ಬಂದಿದ್ರು. ನಿಮ್ಮಪ್ಪ ಎರಡ ದಿನ ನಿಂತು ಗ್ವಾಡಿಗಿ ಸುಣ್ಣಾ ಬಳದಿದ್ದ. ಅವ್ವ ಪಾನಕ ಮಾಡಿದ್ಲು, ಬೆಲ್ಲದ್ದು. ಎಲ್ಲಾ ನೋಡಿದ್ರು. ಪಾನಕ ಮುಟ್ಟಲಿಲ್ಲ, ಎದ್ದು ಹೋದ್ರು. ಯಾಕಂತ ಹೇಳಲಿಲ್ಲ." ಮೆಟ್ಟಿದ್ದ ಒಂದು ಚಪ್ಪಲಿಯನ್ನೂ ಬಿಟ್ಟ. "ಅವತ್ತಿನಿಂದ ಎಷ್ಟ ಮನಿ ನೋಡಿದೆ ನಾ. ತಿರಗಣಿ ನೋಡಿದೆ, ಬಚ್ಚಲಾ ನೋಡಿದೆ. ನಮ್ಮನ್ಯಾಗ ಏನ ಕಡಿಮಿ ಇತ್ತಂತ ಇನ್ನಾ ತಿಳೀಲಿಲ್ಲ."

ಐವತ್ತು ವರ್ಷ ಅವನ ತಿರುಗಣಿ, ಬಚ್ಚಲುಗಳಿಗೆ ನಗುತ್ತ ಬಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಫೋನು ಎತ್ತಿಕೊಂಡು ಹೊರಗೆ ಹೋಗಿ ಯಲ್ಲಮ್ಮನಿಗೆ "ಕೊಯ್ಯಿರಿ" ಎಂದೆ. ಕಾಕಾನ ಅಪ್ಪಣೆಯಿಲ್ಲದೆ ನಾನು ಹೊರಡಿಸಿದ ಮೊದಲ ಹಾಗೂ ಕೊನೆಯ ಆದೇಶ ಅದು. ಮಳೆ ಬಂದದ್ದು ಸಂಜೆ ಐದಕ್ಕೆ. ಅಷ್ಟರಲ್ಲಿ ಎರಡು ಸಾಲು ಬಿಟ್ಟು ಉಳಿದ ಹಣ್ಣೆಲ್ಲ ಕ್ರೇಟಿನಲ್ಲಿ ಬಂದು ಆ ತಗಡಿನ ಕೆಳಗೆ ಸೇರಿತ್ತು. ಅದೆಲ್ಲ ಆಮೇಲಿನ ಮಾತು.

ನಾನು ಒಳಗೆ ಬಂದಾಗ ಕಾಕಾ ಮತ್ತೆ ಕೂತಿದ್ದ. ಲೋಟವನ್ನು ಎರಡೂ ಕೈಯಿಂದ, ತೀರ್ಥ ಹಿಡಿದಂತೆ ಹಿಡಿದಿದ್ದ. ಕಣ್ಣು ಮುಚ್ಚಿ ಒಂದೇ ಗುಕ್ಕಿಗೆ ಕುಡಿದ. ಮುಖ ಕಿವುಚಿತು, ಮೈ ಒಮ್ಮೆ ಜುಮ್ಮೆಂದಿತು, ಕಣ್ಣಲ್ಲಿ ನೀರು ಬಂತು. ಒಗರಿಗೇ ಇರಬೇಕು.

ಖಾಲಿ ಲೋಟವನ್ನು ಆ ತಾಯಿಯ ಕೈಗಿಟ್ಟು ಹೇಳಿದ:

"ಏನೂ ಕಡಿಮಿ ಇಲ್ರಿ ತಂಗಿ ನಿಮ್ಮನ್ಯಾಗ. ಏನೇನೂ ಕಡಿಮಿ ಇಲ್ಲ."