ಬೌಷರಿನಿಂದ ಬೌಷರಿಗೆ ವಿಮಾನ ಪ್ರಯಾಣ

ಅಬ್ದುಲ್ಲಾ ಸಾಹೇಬರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಹೊನ್ನಪ್ಪ, ಎಲ್ಲಿದ್ದೀರಿ?”

ಮಸ್ಕತ್ತಿನ ಬೌಷರ್ ಬಡಾವಣೆಯ ತನ್ನ ಫ್ಲಾಟಿನ ಸೋಫಾದಲ್ಲಿ ಕಾಲು ಚಾಚಿಕೊಂಡು ಮೂರನೇ ದೋಸೆಯ ಅಂಚು ಮುರಿಯುತ್ತಿದ್ದ ಹೊನ್ನಪ್ಪ, “ಮನೆಯಲ್ಲಿದ್ದೇನೆ ಸರ್” ಎಂದಿದ್ದರೆ ಅವನ ಆ ದಿನ ಹಾಯಾಗಿ ಕಳೆಯುತ್ತಿತ್ತು. ಅವನ ಬಾಯಿಂದ ಹೊರಬಿದ್ದದ್ದು, “ಸಲಾಲಾದಲ್ಲೇ ಸರ್.”

ಸುಳ್ಳಿಗೆ ಕಾರಣವಿತ್ತು. ತೈಲದ ಬೆಲೆ ಬಿದ್ದು ವರ್ಷ ಕಳೆದಿತ್ತು. ಪಂಪುಗಳ ತಪಾಸಣೆ ನಡೆಸುವ ಸಾಹೇಬರ ಕಂಪನಿಯಲ್ಲಿ ಕುರ್ಚಿಗಳು ಒಂದೊಂದಾಗಿ ಖಾಲಿಯಾಗಿ, ಕೊನೆಗೆ ಉಳಿದ ಇನ್ಸ್‌ಪೆಕ್ಟರುಗಳು ಇಬ್ಬರೇ: ಮೈಸೂರಿನ ಹೊನ್ನಪ್ಪ, ಮಂಗಳೂರಿನ ಪಿಯುಸ್. ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಮಸ್ಕತ್ತಿನಲ್ಲಿ ಜಾಗ ಎಂಬ ಗುಸುಗುಸು ಆಫೀಸಿನ ಏಸಿ ಗಾಳಿಯಲ್ಲೇ ಸುತ್ತುತ್ತಿತ್ತು. ಪಿಯುಸ್‌ನನ್ನು ದುಕ್ಮ್‌ಗೂ ಹೊನ್ನಪ್ಪನನ್ನು ಸಾವಿರ ಕಿಲೋಮೀಟರ್ ದಕ್ಷಿಣದ ಸಲಾಲಾಕ್ಕೂ ಐದೈದು ದಿನದ ಕೆಲಸಕ್ಕೆ ಕಳಿಸಿದ್ದರು. ಹೊನ್ನಪ್ಪ ಮೂರೇ ದಿನಕ್ಕೆ ಮುಗಿಸಿಬಿಟ್ಟ. ಬೇಗ ಮುಗಿಯಿತೆಂದರೆ ‘ಇವನಿಗೆ ಕೆಲಸವೇ ಇಲ್ಲ’ ಎಂದುಕೊಂಡಾರು ಎಂಬ ಹೆದರಿಕೆಯಲ್ಲಿ ಯಾರಿಗೂ ಹೇಳದೆ ಬಸ್ಸು ಹತ್ತಿ ಮನೆ ಸೇರಿದ್ದ. ಅಷ್ಟರಲ್ಲಿ ಕೆಂಪು ಸಮುದ್ರದ ಆಚೆ ಎಲ್ಲೋ ಜ್ವಾಲಾಮುಖಿ ಸಿಡಿದು, ಅದರ ಬೂದಿ ಒಮಾನಿನ ಆಕಾಶಕ್ಕೆ ಬಂದು, ಸಲಾಲಾದ ವಿಮಾನಗಳೆಲ್ಲ ರದ್ದಾದವು. ಇನ್ನೆರಡು ದಿನ ತನ್ನನ್ನು ಯಾರೂ ಕೇಳುವುದಿಲ್ಲವೆಂದು ಹೊನ್ನಪ್ಪ ಆ ಜ್ವಾಲಾಮುಖಿಗೆ ಮನಸ್ಸಿನಲ್ಲೇ ಕೈಮುಗಿದಿದ್ದ.

“ಪಾಪ, ಸಿಕ್ಕಿಹಾಕಿಕೊಂಡಿರಿ!” ಎಂದರು ಸಾಹೇಬರು. “ಇವತ್ತು ಸಂಜೆ ಆರಕ್ಕೆ ಮೀಟಿಂಗ್ ಇದೆ, ನೀವು ಎದುರಿಗೇ ಇರಬೇಕು. ಚಿಂತೆ ಬೇಡ. ನನ್ನ ತಮ್ಮ ಹಮೂದನ ಪುಟ್ಟ ವಿಮಾನ ಇದೆಯಲ್ಲ, ಅದನ್ನು ಕಳಿಸುತ್ತಿದ್ದೇನೆ.”

ಹೊನ್ನಪ್ಪ ಕೈಯಲ್ಲಿದ್ದ ದೋಸೆಯ ತುಂಡನ್ನು ತಟ್ಟೆಗೆ ಬಿಟ್ಟ. “ಬೂದಿ, ಸರ್...”

“ಬೂದಿ ಇರುವುದು ಮೂವತ್ತು ಸಾವಿರ ಅಡಿ ಮೇಲೆ. ಇವನು ಮೂರು ಸಾವಿರದಲ್ಲಿ ಹಾರುತ್ತಾನೆ. ಪರ್ಮಿಷನ್ ಸಿಕ್ಕಿದೆ. ಅರ್ಧ ದಾರಿಯಲ್ಲಿ, ಹೈಮಾದಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹನ್ನೆರಡಕ್ಕೆ ಸಲಾಲಾ. ವಾಪಸು ಬರುವಾಗಲೂ ಹಾಗೇ. ಯಲ್ಲಾ, ರೆಡಿಯಾಗಿ!”

ಅದೇ ಗಳಿಗೆಗೆ ಬಾಗಿಲು ತಳ್ಳಿಕೊಂಡು ಎದುರು ಮನೆಯ ಮುಹಿಯುದ್ದೀನ್ ಬಂದ. ವಾದಿ ಅದಾಯ್‌ನಲ್ಲಿ ಟಯರ್ ಅಂಗಡಿ ಇಟ್ಟುಕೊಂಡಿದ್ದ ಅವನ ದನಿ, ಲಾರಿ ಹಾರನ್ನಿನ ಜೊತೆ ಪೈಪೋಟಿ ನಡೆಸಿ ಬೆಳೆದದ್ದು. “ಹೊನ್ನಪ್ಪಣ್ಣಾ, ನಮ್ಮ ಬಿಲ್ಡಿಂಗಿನ ಲಿಫ್ಟ್ ಪುನಃ ಹಾಳಾಯ್ತು ಮಾರಾಯ್ರೆ!”

“ಯಾರದು?” ಎಂದರು ಸಾಹೇಬರು.

“ಹೋಟೆಲಿನ ಅಡುಗೆಯವನು ಸರ್,” ಎಂದು ಹೊನ್ನಪ್ಪ ಫೋನಿಟ್ಟ.

ಎರಡೇ ನಿಮಿಷದಲ್ಲಿ ಅವನ ಹಾಲ್ ತುರ್ತು ಸಭೆಯಾಯಿತು. ಹೆಂಡತಿ ನೀರಜಾ ಸೌಟು ಹಿಡಿದೇ ಬಂದಳು. ಮಗಳು ಮಾನ್ಯಾ ಇಯರ್‌ಫೋನ್ ತೆಗೆದಳು. ಮುಹಿಯುದ್ದೀನನ ಹೆಂಡತಿ ಬೀಫಾತಿಮಾ ಗಂಡನ ಬೆನ್ನಿಗೇ ಬಂದು ನಿಂತಳು.

“ನಿಜ ಹೇಳ್ಬಿಡ್ರಿ, ಏನಾಗತ್ತೆ?” ಎಂದಳು ನೀರಜಾ.

“ಕೆಲಸ ಹೋಗತ್ತೆ. ಸುಳ್ಳುಗಾರ ಅಂತ ಹೆಸರು ಬೇರೆ.”

“ಅಪ್ಪಾ, ಯೂ ಆರ್ ಫಿನಿಶ್ಡ್,” ಎಂದು ಮಾನ್ಯಾ ಇಯರ್‌ಫೋನನ್ನು ಮತ್ತೆ ಸಿಕ್ಕಿಸಿಕೊಂಡಳು.

ಮುಹಿಯುದ್ದೀನ್ ಮಾತ್ರ ಹುರುಪಿನಲ್ಲಿದ್ದ. “ವಿಮಾನ ವಾಪಸು ಬರುವಾಗ ಹೈಮಾದಲ್ಲಿ ಇಳಿತದೆ ಅಲ್ವಾ? ಎರಡೂವರೆಗೆ ಇಳಿಲಿಕ್ಕೆ ಸಾಕು. ಇಲ್ಲಿಂದ ಹೈಮಾಕ್ಕೆ ಐದು ಗಂಟೆ ದಾರಿ. ನಂಗೆ ಹೇಗೂ ಆ ಕಡೆ ಲಾರಿ ಟಯರ್ ಕೊಡ್ಲಿಕ್ಕುಂಟು. ಹೋಗುವ! ಸಲಾಲಾದಿಂದ ಲಾರಿ ಹತ್ತಿ ಹೈಮಾಕ್ಕೆ ಬಂದೆ ಅಂತ ಹೇಳಿ. ಅಲ್ಲಿಂದ ವಿಮಾನ ಹತ್ತಿ ಮಸ್ಕತ್ತಿಗೆ ಬನ್ನಿ.”

“ಅಂದರೆ ಮಸ್ಕತ್ತಿಗೆ ಬರೋದಕ್ಕೆ ಮಸ್ಕತ್ತಿನಿಂದ ಐನೂರು ಕಿಲೋಮೀಟರ್ ಹೋಗಬೇಕಾ?”

“ಬೇರೆ ದಾರಿ ಉಂಟಾ?”

ಇರಲಿಲ್ಲ. ಬೀಫಾತಿಮಾ ತನ್ನ ಫ್ರಿಜ್ಜಿನಿಂದ ನಾಲ್ಕು ಎಳನೀರು ತಂದು ಚೀಲಕ್ಕೆ ಹಾಕಿದಳು. “ಸಲಾಲಾ ಅಂದ್ರೆ ಎಳನೀರಿನ ಊರು, ಅಲ್ಲಿಂದ ಬರುವವ್ರು ಖಾಲಿ ಕೈಯಲ್ಲಿ ಬಂದ್ರೆ ಯಾರಾದ್ರೂ ನಂಬ್ತಾರಾ?”

ಮುಹಿಯುದ್ದೀನನ ಪಿಕಪ್ಪು ಮರುಭೂಮಿಯ ನೇರ ರಸ್ತೆಗೆ ಬಿತ್ತು. ತಲೆಯ ಮೇಲೆ ಆಕಾಶ, ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕಿತ್ತು. ಆದಂ ಊರು ದಾಟಿದ ಮೇಲೆ ಸಾಹೇಬರ ಫೋನು ಮತ್ತೆ ಬಂತು. ಕಿಟಕಿಯಿಂದ ಗಾಳಿ ಭೋರೆಂದು ನುಗ್ಗುತ್ತಿತ್ತು.

“ಏನದು ಸದ್ದು?”

“ಬೀಚಿನಲ್ಲಿದ್ದೇನೆ ಸರ್, ಸಮುದ್ರದ ಗಾಳಿ.”

“ಒಳ್ಳೆಯದು. ಹಮೂದ್ ಫೋನ್ ಮಾಡಿದ್ದ, ಇನ್ನು ಅರ್ಧ ಗಂಟೆಯಲ್ಲಿ ಸಲಾಲಾದಲ್ಲಿ ಇಳಿಯುತ್ತಾನಂತೆ.”

ಲಾರಿಯಲ್ಲಿರಬೇಕಾದವನು ಬೀಚ್ ಎಂದುಬಿಟ್ಟೆನಲ್ಲ ಎಂದು ಹೊನ್ನಪ್ಪ ಫೋನಿಟ್ಟು ಹಣೆ ಚಚ್ಚಿಕೊಂಡ. “ಅಲ್ಲಿ ನಾನು ಕಾಣಿಸದಿದ್ದರೆ ಅವನು ಸುಮ್ಮನಿರ್ತಾನಾ? ಜೋರಾಗಿ ಹೊಡೀರಿ ಭಾಯಿ!”

ಜೋರಾಗಿ ಹೊಡೆದದ್ದಕ್ಕೆ ಹಿಂದಿನ ಚಕ್ರ ಢಂ ಎಂದಿತು. ಗಾಡಿಯಲ್ಲಿ ಇಪ್ಪತ್ತೆರಡು ಹೊಸ ಟಯರುಗಳಿದ್ದವು. ಒಂದೂ ಆ ಪಿಕಪ್ಪಿಗೆ ಆಗುವುದಲ್ಲ. ಸ್ಟೆಪ್ನಿ ಎಲ್ಲಿ ಎಂದು ಕೇಳಿದರೆ ಮುಹಿಯುದ್ದೀನ್ ತಲೆ ಕೆರೆದುಕೊಂಡ. “ಮೊನ್ನೆ ಒಳ್ಳೆ ಗಿರಾಕಿ ಬಂದ, ಕೊಟ್ಟುಬಿಟ್ಟೆ.” ಕೊನೆಗೆ ಒಂಟೆ ಸಾಗಿಸುತ್ತಿದ್ದ ಮುದುಕನೊಬ್ಬ ಗಾಡಿ ನಿಲ್ಲಿಸಿ ತನ್ನ ಹಳೆಯ ಚಕ್ರ ಕೊಟ್ಟ. ಹೊನ್ನಪ್ಪ ಬೋಲ್ಟು ಬಿಗಿಯುವಷ್ಟು ಹೊತ್ತೂ ಮೇಲಿನಿಂದ ಒಂಟೆಯೊಂದು, ಅನುಭವಸ್ಥ ಫೋರ್‌ಮನ್ನಿನ ಹಾಗೆ ಅವನ ಕೆಲಸ ನೋಡುತ್ತಿತ್ತು.

ಹೈಮಾ ಊರಾಚೆಯ ರನ್‌ವೇ ಮುಟ್ಟಿದಾಗ ಎರಡು ಗಂಟೆ. ಇನ್ನೂ ಅರ್ಧ ಗಂಟೆ ಇದೆಯೆಂದು ಉಸಿರು ಬಿಡಲು ಹೋದ ಹೊನ್ನಪ್ಪ ಅರ್ಧಕ್ಕೇ ನಿಲ್ಲಿಸಿದ. ಬಿಳಿಯ ಪುಟ್ಟ ವಿಮಾನ ಆಗಲೇ ಅಲ್ಲಿ ನಿಂತಿತ್ತು. ಅದರ ರೆಕ್ಕೆಯ ನೆರಳಲ್ಲಿ ಚಾಪೆ ಹಾಸಿಕೊಂಡು, ಖರ್ಜೂರದ ಡಬ್ಬಿ ಬಿಚ್ಚಿಟ್ಟು, ಹಮೂದ್ ಸಾವಕಾಶವಾಗಿ ಕಾಫಿ ಕುಡಿಯುತ್ತಿದ್ದ. ಹೊನ್ನಪ್ಪನನ್ನು ಕಂಡು ಅವನು ಎದ್ದ ರಭಸಕ್ಕೆ ತಲೆ ರೆಕ್ಕೆಗೆ ಬಡಿಯಿತು.

“ನೀನು ಸಲಾಲಾದಲ್ಲಿರಬೇಕಿತ್ತಲ್ಲ?”

“ನೀವೂ ಅಲ್ಲೇ ಇರಬೇಕಿತ್ತಲ್ಲ?”

ಹೊನ್ನಪ್ಪನೇ ಮೊದಲು ಸಾವರಿಸಿಕೊಂಡು ಚೀಲ ಮುಂದಕ್ಕೆ ಚಾಚಿದ. “ಸಲಾಲಾದಿಂದ ಲಾರಿಯಲ್ಲಿ ಬಂದೆ. ಇಗೋ, ಅಲ್ಲಿಯದೇ ಎಳನೀರು.”

ಹಮೂದ್ ಒಂದನ್ನು ಎತ್ತಿ ತಿರುಗಿಸಿ ಅದರ ಮೇಲಿನ ಚೀಟಿ ಓದಿದ. “ಬೌಷರಿನ ಸೂಪರ್‌ಮಾರ್ಕೆಟ್ ಸಲಾಲಾದಲ್ಲೂ ಅಂಗಡಿ ತೆರೆದಿದೆಯಾ?”

ಹೊನ್ನಪ್ಪ ಚಾಪೆಯ ಮೇಲೆ ಕುಸಿದು ಕುಳಿತು ಎಲ್ಲವನ್ನೂ ಹೇಳಿಬಿಟ್ಟ. ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿದ್ದವನಿಗೆ ಕೇಳಿಸಿದ್ದು ನಗು.

“ನಾನು ಇಲ್ಲಿಂದ ಮುಂದೆ ಹೋಗಿಯೇ ಇಲ್ಲ,” ಎಂದ ಹಮೂದ್. “ಸ್ವಲ್ಪ ದೂರ ಹೋಗಿ ನೋಡಿದೆ. ದಕ್ಷಿಣಕ್ಕೆ ಬೂದಿ ಕೆಳಗೂ ಇಳಿದಿದೆ, ಎದುರಿಗೆ ಗೋಡೆಯ ಹಾಗೆ. ಹೆದರಿ ವಾಪಸು ಬಂದೆ. ಆದರೆ ಅಣ್ಣನಿಗೆ ಹೇಗೆ ಹೇಳುವುದು? ಕಂಪನಿ ನಷ್ಟದಲ್ಲಿದೆ, ಈ ಆಟಿಕೆ ಮಾರುತ್ತೇನೆ ಅಂತ ಕೂತಿದ್ದಾನೆ. ಇವತ್ತು ಸಲಾಲಾ ಮುಟ್ಟದಿದ್ದರೆ ವಿಮಾನ ಖಲಾಸ್. ಅದಕ್ಕೇ ಸಲಾಲಾದಲ್ಲಿ ಇಳಿಯುತ್ತಿದ್ದೇನೆ ಅಂತ ಇಲ್ಲಿಂದಲೇ ಫೋನ್ ಮಾಡಿದೆ. ಮುಟ್ಟಿದೆ ಅಂದರೆ ನಿನ್ನನ್ನು ಎಲ್ಲಿಂದ ತರಲಿ? ಬೆಳಿಗ್ಗೆಯಿಂದ ಅದನ್ನೇ ಯೋಚಿಸುತ್ತಿದ್ದೆ. ದೇವರೇ ಕಳಿಸಿದ ನಿನ್ನನ್ನು!”

ನಾಲ್ಕು ಎಳನೀರನ್ನೂ ಅಲ್ಲೇ ಕೊಚ್ಚಿ ಕುಡಿದರು. ಮುಹಿಯುದ್ದೀನ್ ಇಬ್ಬರ ಬೆನ್ನಿಗೂ ಒಂದೊಂದು ಗುದ್ದು ಕೊಟ್ಟು ಬೀಳ್ಕೊಟ್ಟ.

ವಿಮಾನದೊಳಗೆ ಹೊನ್ನಪ್ಪ ಮಡಚಿದ ಕೊಡೆಯಂತೆ ಕುಳಿತ. ಎಂಜಿನ್ ಕೆಮ್ಮಿತು, ಗುಡುಗಿತು, ನೆಲ ಜಾರಿತು. ಹತ್ತು ನಿಮಿಷ ಅವನು ಗೊತ್ತಿದ್ದ ದೇವರನ್ನೆಲ್ಲ ಕರೆದ. ಆಮೇಲೆ ಮೆಲ್ಲಗೆ ಒಂದು ಕಣ್ಣು ತೆರೆದವನು ಇನ್ನೊಂದನ್ನು ತಾನಾಗಿ ತೆರೆದ. ಕೆಳಗೆ ಮರಳಿನ ಮೇಲೆ ಅವರದೇ ಪುಟ್ಟ ನೆರಳು ನಾಯಿಮರಿಯಂತೆ ಓಡಿಬರುತ್ತಿತ್ತು. ಒಂಟೆಗಳು ಕತ್ತೆತ್ತಿ ನೋಡಿದವು. ಬೂದಿಯ ಪರದೆಯ ಹಿಂದೆ ಸೂರ್ಯ ತಾಮ್ರದ ತಟ್ಟೆಯಾಗಿದ್ದ.

“ಬೇರೆ ವಿಮಾನಗಳು?” ಎಂದು ಕಿರುಚಿದ ಹೊನ್ನಪ್ಪ.

“ಒಂದೂ ಕಾಣಿಸುತ್ತಿಲ್ಲ! ಇವತ್ತು ಇಷ್ಟು ದೊಡ್ಡ ಆಕಾಶ ನಮ್ಮಿಬ್ಬರದೇ!”

ಹೊನ್ನಪ್ಪನಿಗೆ ನಗು ಉಕ್ಕಿಬಂತು. ಬಾಸಿನ ಹೆದರಿಕೆ, ಕೆಲಸದ ಹೆದರಿಕೆ ಎಲ್ಲ ಮೂರು ಸಾವಿರ ಅಡಿ ಕೆಳಗೇ ಉಳಿದಿದ್ದವು. “ಇಲ್ಲೇ ಒಂದು ಸುತ್ತು ಹೊಡೀರಿ!” ಎಂದು ಚಪ್ಪಾಳೆ ತಟ್ಟಿದ. ಹಮೂದ್ ಹೊಡೆದ. ದಾರಿಯುದ್ದಕ್ಕೂ ಇಬ್ಬರೂ ಸಲಾಲಾದಲ್ಲಿ ಇಳಿದ ಕತೆಯನ್ನು ಬಾಯಿಪಾಠ ಮಾಡಿದರು: ಎಷ್ಟು ಗಂಟೆಗೆ, ಗಾಳಿ ಯಾವ ಕಡೆಯಿಂದ, ಯಾರು ಯಾರಿಗೆ ಕೈ ಬೀಸಿದರು.

ಮಸ್ಕತ್ತಿನಲ್ಲಿ ಸಾಹೇಬರು ರನ್‌ವೇ ಪಕ್ಕದಲ್ಲೇ ಕಾದಿದ್ದರು. ತಮ್ಮನನ್ನು ತಬ್ಬಿಕೊಂಡರು. “ಬೂದಿಯ ದಿನ ಸಲಾಲಾಕ್ಕೆ ಹೋಗಿ ಬಂದ ಹುಲಿ! ಈ ವಿಮಾನ ಮಾರುವ ಮಾತೇ ಇಲ್ಲ.” ಹಮೂದ್ ಹೊನ್ನಪ್ಪನತ್ತ ಕಣ್ಣು ಹೊಡೆದ. ಒಂದು ಗಂಡಾಂತರ ಕಳೆಯಿತು.

ಆಫೀಸಿನಲ್ಲಿ ಪಿಯುಸ್ ಆಗಲೇ ಕುಳಿತಿದ್ದ, ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು, ಮದುಮಗನ ಹಾಗೆ. ಕಾಫಿ ಬಂತು. ಸಾಹೇಬರು ಗಂಟಲು ಸರಿಮಾಡಿಕೊಂಡರು.

“ಮಸ್ಕತ್ತಿನಲ್ಲಿ ಇನ್ನು ಒಬ್ಬನೇ ಇನ್ಸ್‌ಪೆಕ್ಟರ್. ಯಾರು ಅಂತ ರಾತ್ರಿಯೆಲ್ಲ ಯೋಚಿಸಿದೆ. ಬೆಳಿಗ್ಗೆ ಇಬ್ಬರಿಗೂ ಫೋನ್ ಮಾಡಿದೆ. ಎಲ್ಲಿದ್ದೀಯ ಅಂದರೆ ಪಿಯುಸ್ ಏನಂದ ಗೊತ್ತೇ? ‘ಐದು ದಿನದ ಕೆಲಸ ಮೂರೇ ದಿನಕ್ಕೆ ಮುಗಿಯಿತು ಸರ್, ಬಸ್ಸು ಹತ್ತಿ ಮನೆಗೆ ಬಂದು ಮಲಗಿದ್ದೇನೆ’ ಅಂದ! ಎಂಥ ಕೈವೇಗ, ಎಂಥ ಪ್ರಾಮಾಣಿಕತೆ! ಮಸ್ಕತ್ತಿಗೆ ಇಂಥವನೇ ಬೇಕು.”

ಹೊನ್ನಪ್ಪ ಕಾಫಿಯ ಕಪ್ಪನ್ನು ಮೇಜಿನ ಮೇಲಿಟ್ಟು ಪಿಯುಸ್‌ನತ್ತ ತಿರುಗಿ ನೋಡಿದ.

“ನಿಮ್ಮನ್ನೂ ನಾನು ಬಿಟ್ಟಿಲ್ಲ ಹೊನ್ನಪ್ಪ. ಕೆಲಸ ಸ್ವಲ್ಪ ನಿಧಾನ, ನಿಜ. ಆದರೆ ಬೂದಿ ಬಂದರೂ ಸಲಾಲಾ ಬಿಟ್ಟು ಕದಲಲಿಲ್ಲ. ಆ ಊರು ನಿಮಗೆ ಹಿಡಿಸಿದೆ, ಬೀಚಿನ ಗಾಳಿ ಕುಡಿಯುತ್ತಿದ್ದಿರಲ್ಲ! ಮೂರು ವರ್ಷ ಅಲ್ಲೇ ಇರಿ. ಮನೆಯವರಿಗೆ ಕ್ವಾರ್ಟರ್ಸ್ ಇಲ್ಲ, ಅದೊಂದು ತೊಂದರೆ. ನಾಳೆ ಬೆಳಿಗ್ಗೆಯೇ ಹೊರಡಿ. ಹಮೂದನೇ ಬಿಟ್ಟು ಬರುತ್ತಾನೆ, ಹೇಗೂ ದಾರಿ ಗೊತ್ತಾಗಿದೆ.”

ಬಾಗಿಲಿಗೆ ಒರಗಿ ನಿಂತಿದ್ದ ಹಮೂದನ ಮುಖ ಬಿಳಿಚಿಹೋಯಿತು. ಹೊನ್ನಪ್ಪ ಬಾಯಿ ತೆರೆದ. ತಾನೂ ಮೂರೇ ದಿನಕ್ಕೆ ಮುಗಿಸಿ ಬಸ್ಸಿನಲ್ಲೇ ಬಂದವನೆಂದು ಹೇಳಿದರೆ ಇವನ ವಿಮಾನವೂ ಹೋಗುತ್ತದೆ, ತನ್ನ ಮಾನವೂ ಹೋಗುತ್ತದೆ. ತೆರೆದ ಬಾಯಿಗೆ ಕಾಫಿ ಸುರಿದುಕೊಂಡ.

ಮೀಟಿಂಗ್ ಮುಗಿಯಿತು. ಪಿಯುಸ್ ಎದ್ದು ಬಂದು ಅವನ ಕೈ ಕುಲುಕಿ, ಹೊಟ್ಟೆಕಿಚ್ಚನ್ನು ಮುಚ್ಚಿಡಲಾರದೆ ಹೇಳಿದ: “ನಿಮ್ಮ ಅದೃಷ್ಟ ಮಾರಾಯ್ರೆ! ನಿಮ್ಮನ್ನು ಕರ್ಕೊಂಡು ಬರ್ಲಿಕ್ಕೆ ವಿಮಾನವೇ ಬಂತು. ನಂಗೆ ಆ ಬಸ್ಸಿನಲ್ಲಿ ಕೂತು ಕೂತು ಸೊಂಟವೇ ಹೋಯ್ತು.”