ಸಿಂಗಾಪುರಕ್ಕೆ ಎದುರುಮನೆಯ ದಾರಿ

ನಾಲ್ಕಕ್ಷರ ಕಲಿತವನ ಜಂಬ ಇಳಿಯಬೇಕಾದರೆ ಅವನನ್ನು ದೂರದ ಊರಿಗೆ ಹೊರಡಿಸಬೇಕು ಎಂದು ನಾನೀಗ ನಂಬಿದ್ದೇನೆ. ಹೊಸ ಯಂತ್ರವೊಂದನ್ನು ನೋಡಿ ಬರಲು ಕಾರ್ಖಾನೆಯವರು ನನ್ನನ್ನು ಸಿಂಗಾಪುರಕ್ಕೆ ಕಳಿಸುತ್ತಾರೆಂದು ಗೊತ್ತಾದ ಮೇಲೆ, ಸಿಂಗಸಂದ್ರದ ನಮ್ಮ ಬೀದಿಯಲ್ಲಿ ನನ್ನ ಕಾಟ ತಪ್ಪಿಸಿಕೊಂಡವರಿಲ್ಲ. ಹಾಲಿನವನು ಸುಮ್ಮನೆ "ಚೆನ್ನಾಗಿದ್ದೀರಾ ಸಾರ್" ಎಂದರೂ ಸಾಕು, "ಮೂರು ಸಾವಿರದ ಚಿಲ್ಲರೆ ಕಿಲೋಮೀಟರ್, ನಾಲ್ಕೂವರೆ ಗಂಟೆ ಅಷ್ಟೇ" ಎನ್ನುತ್ತಿದ್ದೆ, ವಿಮಾನವನ್ನು ನಾನೇ ಓಡಿಸುವವನ ಹಾಗೆ. ಮೊದಲ ಸಲ ವಿಮಾನ ಹತ್ತುತ್ತಿದ್ದೇನೆಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ನಮ್ಮ ಅತ್ತೆಯವರು ಇದಕ್ಕೆಲ್ಲ ಜಗ್ಗುವವರಲ್ಲ. ಪಂಚಾಂಗ ತೆಗೆದು, "ನೀವು ಮನೆ ಬಿಡೋ ಹೊತ್ತಿಗೆ ಸರಿಯಾಗಿ ರಾಹುಕಾಲ. ಹಿಂದಿನ ದಿನವೇ ಪ್ರಸ್ಥಾನ ಇಟ್ಟುಬಿಡಿ" ಎಂದರು. ಅಂದರೆ, ಒಳ್ಳೆಯ ಗಳಿಗೆಯಲ್ಲಿ ನಮ್ಮ ಗಂಟೊಂದನ್ನು ಬೇರೆಯವರ ಮನೆಯಲ್ಲಿಟ್ಟು ಬಂದರೆ ಪ್ರಯಾಣ ಆಗಲೇ ಶುರುವಾದ ಹಾಗೆ; ಆಮೇಲೆ ನಾವು ಯಾವಾಗ ಹೊರಟರೂ ದೋಷವಿಲ್ಲ. ಆದರೆ ಇಟ್ಟ ಗಂಟು ಮತ್ತೆ ಮನೆಯೊಳಕ್ಕೆ ಬರಬಾರದು. "ಅಷ್ಟು ಜೋರಾಗಿ ಹೋಗೋ ವಿಮಾನವನ್ನ ರಾಹು ಹಿಡಿಯೋಕಾಗುತ್ತಾ ಅತ್ತೆ?" ಎಂದು ನಕ್ಕೆ. ಹೆಂಡತಿ ನಗಲಿಲ್ಲ. ಆದ್ದರಿಂದ ಕೈಚೀಲ ಹಿಡಿದು ಎದುರುಮನೆಯ ಮುನಿಯಮ್ಮನವರಲ್ಲಿಗೆ ಹೋದೆ. ನಮ್ಮ ಬೀದಿ ಒಂದು ಕಾಲಕ್ಕೆ ಅವರ ರಾಗಿ ಹೊಲ. ಈಗ ನಾವೂ ಸೇರಿ ಅರ್ಧ ಬೀದಿ ಅವರ ಬಾಡಿಗೆದಾರರು. ಪ್ರಯಾಣಕ್ಕೆ ತೀರಾ ಬೇಕಾದದ್ದೇ ಗಂಟಿನಲ್ಲಿರಬೇಕೆಂದು ಅತ್ತೆ ಹೇಳಿದ್ದರಿಂದ ಪಾಸ್‌ಪೋರ್ಟನ್ನೇ ಅದರಲ್ಲಿಟ್ಟಿದ್ದೆ.

ಮರುದಿನ ಟ್ಯಾಕ್ಸಿ ಬಂದು ನಿಂತಿತು. ನೋಡಿದರೆ ಎದುರುಮನೆಗೆ ಬೀಗ. ಫೋನ್ ಮಾಡಿದೆ. ಮುನಿಯಮ್ಮನವರು ಬೊಮ್ಮನಹಳ್ಳಿಯಲ್ಲಿ, ತಂಗಿಯ ಮೊಮ್ಮಗಳ ನಾಮಕರಣದಲ್ಲಿದ್ದರು. "ಬ್ಯಾಗಾ? ನನ್ ತಾವೇ ಐತೆ ಸಾರ್. ಇನ್ನೊಬ್ರ ಸಾಮಾನು, ಬೀಗ ಆಕಿದ್ ಮನೇಲಿ ಎಂಗ್ ಬಿಟ್ ಬರ್ಲಿ? ಜೊತೆಗೇ ತಂದ್ಬಿಟ್ಟೆ. ಊಟ ಆಗ್ತಿದ್ದಂಗೆ ಬಂದ್ಬಿಡ್ತೀನಿ."

"ಬೇಡಮ್ಮಾ, ನಾನೇ ಬರ್ತೀನಿ" ಎಂದೆ, ಅಳುವುದೊಂದು ಬಾಕಿ. ಹೊಸೂರು ರಸ್ತೆಯಲ್ಲಿ ಗಾಡಿಗಳು ತೆವಳುತ್ತಿದ್ದವು. ಆಕಾಶಮಾರ್ಗದ ಉದ್ದಗಲ ಬಲ್ಲ ನಾನು ನೀರಿನ ಟ್ಯಾಂಕರೊಂದರ ಬೆನ್ನು ನೋಡುತ್ತ, ಮನೆದೇವರಿಗೆ ಹರಕೆ ಹೊತ್ತುಕೊಂಡು ಕೂತಿದ್ದೆ. ವಿಮಾನ ತಪ್ಪಿದರೆ ಕಾರ್ಖಾನೆಯಲ್ಲಿ ಯಾವ ಮುಖ ಹೊತ್ತು ನಿಲ್ಲಲಿ? ಮುನಿಯಮ್ಮನವರು ರಸ್ತೆ ಬದಿಯಲ್ಲೇ ಚೀಲ ಹಿಡಿದು ನಿಂತಿದ್ದರು. ಬಾಳೆಲೆಯಲ್ಲಿ ಸುತ್ತಿದ ಹೋಳಿಗೆಯನ್ನೂ ಕೈಗಿಟ್ಟು, "ಅವಸರ ಮಾಡ್ಬೇಡಿ ಸಾರ್, ನಿಧಾನಕ್ಕೆ ಓಗ್ಬನ್ನಿ" ಎಂದರು.

ಎಲ್ಲರಿಗಿಂತ ಕಡೆಯವನಾಗಿ ವಿಮಾನ ಹತ್ತಿದೆ. ಸಿಂಗಾಪುರ ತಲುಪಿ ಮನೆಗೆ ಫೋನ್ ಮಾಡಿದರೆ ಅತ್ತೆಯವರು, "ನೋಡಿದ್ರಾ, ಪ್ರಸ್ಥಾನ ಇಟ್ಟಿದ್ದಕ್ಕೇ ವಿಮಾನ ಸಿಕ್ತು" ಎಂದರು. ನಾನು ಬಾಳೆಲೆ ಬಿಚ್ಚಿ ಹೋಳಿಗೆ ತಿಂದೆ.

ಮರಳುವ ದಿನ ಹೋಟೆಲಿನ ಕೋಣೆಯಲ್ಲಿ ಯಾಕೋ ಕಸಿವಿಸಿ. ಪಾಸ್‌ಪೋರ್ಟನ್ನು ಜೇಬಿನಲ್ಲಿ ಭದ್ರಮಾಡಿಕೊಂಡೆ. ಚೀಲವನ್ನಷ್ಟೇ ಕೆಳಗೆ ಸ್ವಾಗತದ ಮೇಜಿನ ಹಿಂದಿದ್ದ ಹುಡುಗಿಗೆ ಒಪ್ಪಿಸಿ ಬರೋಣವೆಂದು ಹೊರಟವನು ಬಾಗಿಲಲ್ಲೇ ನಿಂತು ಮನೆಗೆ ಫೋನ್ ಮಾಡಿದೆ.

"ಅತ್ತೆ, ಇಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ರಾಹುಕಾಲ ನೋಡಬೇಕಾದದ್ದು ಇಲ್ಲಿಯ ಹೊತ್ತಿಗೋ, ಅಲ್ಲಿಯ ಹೊತ್ತಿಗೋ?"